ಪಟ್ಟಣದ ಬಾಗಿಲಲ್ಲಿ ಹುಲಿದೇವರು

ಅಂಕೋಲೆಯ ಮೀನುಪೇಟೆಯಲ್ಲಿ ಜಾನಕಿ ಬರುವುದು ದೂರದಿಂದ ಕಂಡರೆ ಸಾಕು, ಮೀನಿನ ಹೆಂಗಸರು ಬುಟ್ಟಿಯ ಮೇಲೆ ಗೋಣಿ ಎಳೆದುಕೊಳ್ಳುತ್ತಾರೆ. ಅವಳ ಮೇಲೆ ಅವರಿಗೆ ಹಗೆಯೇನೂ ಇಲ್ಲ. ಆದರೆ ಜಾನಕಿ ಬಂದಳೆಂದರೆ ಬುಟ್ಟಿಯ ಅಷ್ಟೂ ಬಂಗಡೆಯ ಕಿವಿರು ಎತ್ತಿ ನೋಡಬೇಕು, ಕಣ್ಣು ಒತ್ತಿ ನೋಡಬೇಕು, ಮೂಸಬೇಕು, ಕಡೆಗೆ "ನಿನ್ನೇದು" ಎಂದು ತೀರ್ಪು ಕೊಟ್ಟು ಪಕ್ಕದ ಬುಟ್ಟಿಗೆ ಹೋಗಬೇಕು. ಅಷ್ಟರಲ್ಲಿ ಅವಳ ಹಿಂದೆ ನಿಂತ ಗಿರಾಕಿಗಳೂ ಮೂಗು ಮುರಿಯಲು ಶುರುಮಾಡಿರುತ್ತಾರೆ.

ಅನುಮಾನ ಬರೀ ಮೀನಿನ ಮೇಲಾದರೆ ಹೇಗೋ ನಡೆಯುತ್ತಿತ್ತು. ಬಸ್ಸಿನ ಹಣೆಯ ಮೇಲೆ ಕಾರವಾರ ಎಂದು ಬರೆದಿದ್ದರೂ ಅವಳು ಕಂಡಕ್ಟರನನ್ನು ಕೇಳುತ್ತಾಳೆ. ಅವನು ಹೌದೆಂದರೆ ಡ್ರೈವರನನ್ನೂ ಕೇಳುತ್ತಾಳೆ. ಕೋಡಿಬಾಗಕ್ಕೆ ಮದುವೆಯಾಗಿ ಹೋದ ಮಗಳು ಕವಿತಾ ಫೋನಿನಲ್ಲಿ ಆರಾಮ ಇದ್ದೇನೆ ಎಂದರೆ, ಅಷ್ಟು ಬೇಗ ಆರಾಮ ಅಂದದ್ದು ಯಾಕೆ ಎಂದು ರಾತ್ರಿಯಿಡೀ ಹೊರಳಾಡುತ್ತಾಳೆ. ಗಂಡ ಬೊಮ್ಮು ಸಂಜೆ ಕೊಂಚ ತಡವಾಗಿ ಬಂದರೆ ಬಾಗಿಲಲ್ಲೇ ನಿಲ್ಲಿಸಿ ಬಾಯಿ ಮೂಸುತ್ತಾಳೆ. ಬೊಮ್ಮು ಮಾತು ಕಡಿಮೆಯ ಆಳು. ಬಾಯಿ ತೆರೆದು ತೋರಿಸಿ, ಸುಮ್ಮನೆ ಕಾಲು ತೊಳೆಯಲು ಹೋಗುತ್ತಾನೆ.

ಹುಟ್ಟಿನಿಂದ ಅವಳು ಹೀಗಿದ್ದವಳಲ್ಲ. ಚೆಂಡಿಯಾದ ಹತ್ತಿರ ಸಮುದ್ರದ ಬದಿಯ ಕೇರಿಯೊಂದಕ್ಕೆ ಸೊಸೆಯಾಗಿ ಬಂದಾಗ ಯಾರು ಏನು ಹೇಳಿದರೂ ಹೌದೆನ್ನುವ ಹುಡುಗಿ. ಆ ಮನೆಯ ಹಿಂದೆ ಕಾಸರಕನ ಮರದ ಬುಡದಲ್ಲಿ ಎರಡು ಕಲ್ಲುಗಳಿದ್ದವು. ದೊಡ್ಡದು ಹುಲಿದೇವರು, ಸಣ್ಣದು ಅವನ ತಂಗಿ. ಗುಡಿಯಿಲ್ಲ, ಗಂಟೆಯಿಲ್ಲ, ವರ್ಷಕ್ಕೊಮ್ಮೆ ಎಣ್ಣೆ, ಒಂದು ಕೋಳಿ, ಅಷ್ಟಕ್ಕೇ ತೃಪ್ತರಾಗುವ ದೇವರುಗಳು. ನೌಕಾನೆಲೆಗೆ ಜಾಗ ಹೋದಾಗ ಕೇರಿಯವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಅಂಕೋಲೆ ಕಡೆಯ ಹೊಸ ಕಾಲನಿಗೆ ಹೊರಟರು. ಜಾನಕಿ ಹುಲಿದೇವರನ್ನು ಬುಟ್ಟಿಯಲ್ಲಿಟ್ಟು, ಮೇಲೆ ಹುಲ್ಲು ಮುಚ್ಚಿ, ತಲೆಯ ಮೇಲೆ ಹೊತ್ತು ರಸ್ತೆಗೆ ತಂದಳು. ತಂಗಿಯನ್ನು ತರಲು ತಿರುಗಿ ಹೊರಟಾಗ ಟೆಂಪೋದವನು ತಡೆದ.

"ಗಾಡಿ ತುಂಬ್ತು ಅಕ್ಕಾ. ನಾಳೆ ಇನ್ನೊಂದು ಟ್ರಿಪ್ಪು ಉಂಟಲ್ಲ. ಸಣ್ಣ ಕಲ್ಲು, ನಾಳೆ ತಂದ್ರಾತು."

ಜಾನಕಿ ನಂಬಿದಳು. ಮರುದಿನ ಟೆಂಪೋ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಆಮೇಲೆ ಬೇಲಿ ಬಂತು. ಆ ಸಣ್ಣ ಕಲ್ಲು ಏನಾಯಿತೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಬೇಲಿಯ ಮೇಲಾಗಲಿ ಟೆಂಪೋದವನ ಮೇಲಾಗಲಿ ಅವಳಿಗೆ ಅಷ್ಟು ಸಿಟ್ಟಿಲ್ಲ. ನಾಳೆ ಎಂಬ ಮಾತನ್ನು ನಂಬಿದ ತನ್ನ ಮೇಲೇ ಸಿಟ್ಟು. ಅವತ್ತಿನಿಂದ ಅವಳು ಏನನ್ನೂ ನಂಬುವುದನ್ನು ಬಿಟ್ಟಳು, ಮೀನಿನ ಕಿವಿರಿನಿಂದ ಹಿಡಿದು.

ತಂದ ಹುಲಿದೇವರನ್ನು ಇಡಲಿಕ್ಕೂ ಜಾಗದ ತಾಪತ್ರಯ. ಹೊಸ ಊರಿನ ಸೀಮೆಗೆ ಅದರದ್ದೇ ದೇವರುಗಳಿದ್ದರು. ಹೊರಗಿನ ಹುಲಿಯನ್ನು ಒಳಗೆ ಬಿಟ್ಟುಕೊಳ್ಳಲು ಊರವರಿಗೆ ಅಂಜಿಕೆ. ಕಡೆಗೆ ಆ ಊರಿನ ದೇವರುಗಳ ಪೂಜೆ ನೋಡಿಕೊಳ್ಳುವ ಜಟ್ಟಿ ಗುನಗ ಒಂದು ದಾರಿ ತೋರಿಸಿದ. ಕಾಲನಿಯ ಹಿಂದೆ ಕೋಟೆಬೇಣ ಎಂಬ ಗುಡ್ಡ. ಅದರ ಮೇಲೆ ಯಾವ ಕಾಲದ್ದೋ ಯಾವ ಅರಸನದ್ದೋ ಚಿರೇಕಲ್ಲಿನ ಗೋಡೆಗಳು, ಬಿದ್ದ ಬಾಗಿಲು, ಹೂತುಹೋದ ಬಾವಿ. ಆ ಹಾಳು ಕೋಟೆ ಯಾರ ಸೀಮೆಗೂ ಸೇರಿದ್ದಲ್ಲ, ದನ ಮೇಯಿಸುವವರು ಬಿಟ್ಟರೆ ಯಾರೂ ಹೋಗುವುದೂ ಇಲ್ಲ. ಅಲ್ಲಿಯೂ ಒಂದು ಕಾಸರಕನ ಮರವಿತ್ತು. ಮನೆ ಕಳೆದುಕೊಂಡ ಹುಲಿ, ಮನೆಯವರಿಲ್ಲದ ಕೋಟೆಯಲ್ಲಿ ಕೂತಿತು.

ಇಪ್ಪತ್ತು ಚಿಲ್ಲರೆ ವರ್ಷ ಹೀಗೇ ಕಳೆಯಿತು. ಎರಡು ವರ್ಷದ ಹಿಂದೆ ಮಳೆಗಾಲ ಮುಗಿಯುತ್ತಿದ್ದಂತೆ ಮುಂಬಯಿಯ ಸಿನೆಮಾ ಕಂಪನಿಯೊಂದು ಕೋಟೆಬೇಣ ಹತ್ತಿ ಬಂತು. ಮೊಬೈಲಿನಲ್ಲಿ ಕಂತುಕಂತಾಗಿ ನೋಡುವ ಕತೆಯಂತೆ. ಆ ಕತೆಯಲ್ಲಿ ಒಬ್ಬ ಅರಸ, ಶಾಪದಿಂದ ಹಾಳಾದ ಹಳೇ ಪಟ್ಟಣದ ಮೇಲೆಯೇ ಮುಗಿಲು ಮುಟ್ಟುವ ಹೊಸ ಪಟ್ಟಣ ಕಟ್ಟುತ್ತಾನೆ. ಅಲ್ಲಿಯ ಜನ ಗೋಪುರದಿಂದ ಗೋಪುರಕ್ಕೆ ಸೇತುವೆಯ ಮೇಲೆ ಓಡಾಡುತ್ತಾರೆ, ನೆಲಕ್ಕೆ ಕಾಲಿಡುವುದೇ ಇಲ್ಲ. ಕೆಳಗೆ ತೋರಿಸಲು ನಿಜವಾದ ಹಾಳು ಕೋಟೆ ಬೇಕು, ಅದಕ್ಕೇ ಇಲ್ಲಿಗೆ ಬಂದದ್ದು ಎಂದು ಕಂಪನಿಯ ಪೂರ್ಣಿಮಾ ಎಂಬಾಕೆ ಮರಾಠಿಯಲ್ಲಿ ವಿವರಿಸಿದಳು. ಕಾಲನಿಯವರು ಬಾಯಿಬಿಟ್ಟುಕೊಂಡು ಕೇಳಿದರು.

ಜಾನಕಿ ಮಾತ್ರ ಕೇಳಿದಳು, "ನೆಲಕ್ಕೆ ಕಾಲೇ ಇಡೂದಿಲ್ಲ ಅಂದ್ರೆ ಅವರು ನೀರಿಗೆ ಎಲ್ಲೋಗ್ತ್ರು?"

ಪೂರ್ಣಿಮಾ ನಕ್ಕಳು, ಉತ್ತರ ಕೊಡಲಿಲ್ಲ. ಉತ್ತರ ಕೊಡದೆ ನಗುವವರನ್ನು ಕಂಡರೆ ಜಾನಕಿಗೆ ಮೊದಲೇ ಆಗುವುದಿಲ್ಲ. ಸಿನೆಮಾ ಎಂಬುದೆಲ್ಲ ನೆವ, ಹಳೇ ಕೋಟೆಯಲ್ಲಿ ನಿಧಿ ಅಗೆಯಲಿಕ್ಕೇ ಇವರು ಬಂದದ್ದು ಎಂದು ಅವಳು ಅಲ್ಲೇ ತೀರ್ಮಾನ ಮಾಡಿಬಿಟ್ಟಳು. ನಿಧಿ ಅಗೆಯುವವರು ಮೊದಲು ಕೈಹಾಕುವುದು ದೇವರ ಕಲ್ಲಿಗೆ. ಇದ್ದೊಬ್ಬ ದೇವರೂ ಹೋದರೆ ತಾನು ಆ ಕೇರಿಯಿಂದ ತಂದದ್ದಾದರೂ ಏನು ಉಳಿಯಿತು ಎಂಬುದು ಅವಳ ಚಿಂತೆ.

ಇಲ್ಲಿಯ ಕ್ರಮದಂತೆ ದೇವರನ್ನು ಕೇಳದೆ ಯಾವುದೂ ಆಗುವುದಿಲ್ಲ. ಕೇಳುವ ರೀತಿ ಸರಳ. ಪೂಜಾರಿಯಾದ ಗುನಗ ಕಲ್ಲನ್ನು ತೊಳೆದು, ಕೇಪಳ ಹೂವಿನ ಎಸಳನ್ನು ನೀರಲ್ಲಿ ಅದ್ದಿ, ದೇವರ ಬಲಕ್ಕೊಂದು ಎಡಕ್ಕೊಂದು ಅಂಟಿಸುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ದೇವರು ಹೌದೆಂದ. ಎಡಗಡೆಯದು ಬಿದ್ದರೆ ಇಲ್ಲವೆಂದ. ಇದಕ್ಕೆ ಪ್ರಸಾದ ಕೇಳುವುದು ಎನ್ನುತ್ತಾರೆ. ಅವತ್ತು ಜಟ್ಟಿ ಗುನಗ ಎಸಳು ಅಂಟಿಸಿ ಕೈ ಮುಗಿದು ಇನ್ನೂ ಪ್ರಶ್ನೆ ಮುಗಿಸಿರಲಿಲ್ಲ, ಬಲಗಡೆಯದು ಪಟ್ಟನೆ ಕಳಚಿ ಬಿತ್ತು.

"ಹುಲಿಯಪ್ಪ ಒಪ್ದ," ಎಂದ ಜಟ್ಟಿ.

"ಅಂವ ಎಲ್ಲಿ ಒಪ್ದ? ಬಲಗಡೇದಕ್ಕೆ ನೀರೇ ತಾಗ್ಲಿಲ್ಲ. ಮೇಲಿಂದ ನೀ ಉಸ್ರು ಬೇರೆ ಬಿಟ್ಟೆ. ಇನ್ನೊಂದು ಸಲ ಕೇಳು," ಎಂದಳು ಜಾನಕಿ.

"ಒಂದೇ ಮಾತು ಎರಡು ಸಲ ಕೇಳ್ಬಾರ್ದು ಜಾನಕಿ. ದೇವರಂದ್ರೆ ಮೀನಿನ ಬುಟ್ಟಿಯಾ?"

ಎಲ್ಲರೂ ನಕ್ಕರು. ಬೊಮ್ಮು ನಗಲಿಲ್ಲ, ಆದರೆ ಅವಳ ಪರವಾಗಿ ಮಾತನ್ನೂ ಆಡಲಿಲ್ಲ. ಅದೂ ಅವಳ ಲೆಕ್ಕದಲ್ಲಿ ಸೇರಿಕೊಂಡಿತು.

ಹುಲಿದೇವರನ್ನು ಮುಟ್ಟಬಾರದು ಎಂಬ ಕರಾರಿನ ಮೇಲೆ ಕೆಲಸ ಶುರುವಾಯಿತು. ಬೊಮ್ಮು ಕಾವಲಿಗೆ ಸೇರಿದ. ಜಾನಕಿ ಕಸ ಗುಡಿಸಲು ಸೇರಿದಳು. ಕೆಲಸ ಬೇಕಾಗಿತ್ತು ಎಂದು ಹೇಳಿಕೊಂಡಳು, ನಿಜವಾಗಿ ಬೇಕಾಗಿದ್ದದ್ದು ಕಣ್ಣಿಡಲು ಒಂದು ನೆವ. ಕಬ್ಬಿಣದ ಕೊಳವೆ ನಿಲ್ಲಿಸಲು ಎಲ್ಲೆಲ್ಲಿ ಗುಂಡಿ ತೋಡಿದರೋ ಅಲ್ಲೆಲ್ಲ ಬೆಳಿಗ್ಗೆ ಎದ್ದು ಹೋಗಿ ಬಗ್ಗಿ ನೋಡಿದಳು. ತೋಡಿದ ಮಣ್ಣನ್ನು ಕೋಲಿನಿಂದ ಕೆದಕಿದಳು. ಸಿಕ್ಕಿದ್ದು ಒಂದೆರಡು ಹಂಚಿನ ಚೂರು, ಒಂದು ಕುದುರೆಯ ಲಾಳ. ಲಾಳವನ್ನು ಪೂರ್ಣಿಮಾಳ ಮುಂದೆ ಹಿಡಿದು, "ಇದೆಂತದು? ಉಳಿದದ್ದು ಎಲ್ಲಿಟ್ರಿ?" ಎಂದು ಕೇಳಿದಳು. ಪೂರ್ಣಿಮಾ ಅದರ ಫೋಟೋ ತೆಗೆದುಕೊಂಡು ಥ್ಯಾಂಕ್ಸ್ ಅಂದಳು. ಜಾನಕಿಯ ಅನುಮಾನ ಇನ್ನೊಂದು ಗೇಣು ಬೆಳೆಯಿತು.

ಪಟ್ಟಣವೂ ಬೆಳೆಯಿತು. ಪ್ಲೈವುಡ್ಡು, ಥರ್ಮಕೋಲು, ಫೈಬರು, ಸುಣ್ಣದಂಥ ಪ್ಲಾಸ್ಟರು ಇಷ್ಟರಲ್ಲೇ ಗೋಪುರಗಳು ಎದ್ದವು. ಹೆದ್ದಾರಿಯಲ್ಲಿ ಹೋಗುವ ಬಸ್ಸಿನವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುವಷ್ಟು ಎತ್ತರ. ಗೋಪುರದ ಮೇಲೆ ಗೋಪುರ, ನಡುವೆ ತೂಗುವ ಸೇತುವೆಗಳು, ಹಕ್ಕಿಯ ಕೊಕ್ಕಿನಂಥ ಕಿಟಕಿಗಳು, ಮೀನಿನ ಹುರುಪೆಯಂತೆ ಹೊಳೆಯುವ ಮಾಡುಗಳು. ಇನ್ನೂ ಎತ್ತರದ್ದನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಾರಂತೆ. ಸಂಜೆ ಬಿಸಿಲಿಗೆ ಅದು ಕೆಂಪಗೆ ನಿಂತಾಗ ಜಾನಕಿ ಕಸಬರಿಗೆ ಹಿಡಿದು ಮರುಳಾಗಿ ನೋಡಿದ್ದೂ ಉಂಟು. ಹಿಂದೆ ಹೋಗಿ ನೋಡಿದರೆ ಬರೀ ಪಟ್ಟಿ, ಮೊಳೆ, ಹಗ್ಗ. ಚಂದ ಇದ್ದದ್ದೆಲ್ಲ ಹಿಂದಿನಿಂದ ಹೀಗೇ ಇರುತ್ತದೆ ಎಂದು ಅವಳಿಗೆ ಸಮಾಧಾನವೂ ಆಯಿತು, ಬೇಜಾರೂ ಆಯಿತು.

ಒಂದು ದಿನ ಮಧ್ಯಾಹ್ನ ಅವಳು ಕಾಸರಕನ ಮರದ ಕಡೆ ಬಂದರೆ ಹುಲಿದೇವರ ಮುಖದ ತುಂಬ ಬಿಳಿ ಪ್ಲಾಸ್ಟರು! ಪಕ್ಕದಲ್ಲಿ ಕೈಯೆಲ್ಲ ಬಿಳಿ ಮಾಡಿಕೊಂಡು ರೂಪೇಶ ಕೂತಿದ್ದ. ಕೋಡಿಬಾಗದಲ್ಲಿ ಕಾಳಿ ನದಿಯ ಬದಿಗೆ ಶೆಡ್ಡು ಹಾಕಿಕೊಂಡು ಚೌತಿಗೆ ಗಣಪತಿ ಮಾಡುವವನು ಅವನು. ಇಲ್ಲಿ ಅಚ್ಚು ತೆಗೆಯುವ ಕೆಲಸಕ್ಕೆ ಬಂದಿದ್ದ. ಜಾನಕಿ ಕಸಬರಿಗೆ ಎತ್ತಿದಳು.

"ಮುಟ್ಬಾರ್ದು ಹೇಳಿ ಕರಾರು ಆದದ್ದು ನಿಂಗೆ ಗೊತ್ತಿಲ್ವಾ?"

"ಅರೇ ಮಾವಶಿ, ಅಚ್ಚು ಮಾತ್ರ ತೆಗೂದು. ಕಾಯಿ ಒಡ್ದು, ತಪ್ಪಾತು ಹೇಳಿ ಕೈ ಮುಗ್ದೇ ಶುರು ಮಾಡಿದ್ದೆ. ಜಟ್ಟಿ ಮಾಮನ್ನೂ ಕೇಳಿದ್ದೆ. ಪಟ್ಟಣದ ದೊಡ್ಡ ಬಾಗಿಲಿನ ಎರಡೂ ಬದಿಗೆ ಸಾಲಾಗಿ ಇಂಥದೇ ಹುಲಿ ಬೇಕಂತೆ ಅವರಿಗೆ."

"ಇಂಥದೇ ಎಂತಕ್ಕೆ? ಬೇರೆ ಹುಲಿ ಮಾಡೂಕೆ ನಿಂಗೆ ಬರೂದಿಲ್ವಾ?"

"ಬತ್ತದೆ. ಆದ್ರೆ ಇದರ ಮುಖ ಚಂದ ಅದೆ ಮಾವಶಿ. ಸಿಟ್ಟೂ ಅದೆ, ನಗೂನೂ ಅದೆ."

ಆ ಮಾತು ಕೇಳಿ ಅವಳಿಗೆ ಹೆಮ್ಮೆಯಾಯಿತು. ಹೆಮ್ಮೆಯಾದದ್ದಕ್ಕೆ ಅವನ ಮೇಲೆ ಅನುಮಾನ ಇನ್ನಷ್ಟು ಹೆಚ್ಚಿತು. ಹೊಗಳಿದವರೇ ಹೊತ್ತೊಯ್ಯುವುದು ಅಲ್ಲವೇ. ಅವಳು ಅಲ್ಲೇ ಕೂತು ಅವನು ಅಚ್ಚು ಬಿಡಿಸಿ, ಕಲ್ಲನ್ನು ತೊಳೆದು, ಎಣ್ಣೆ ಹಚ್ಚಿ ಎದ್ದುಹೋಗುವವರೆಗೂ ಕದಲಲಿಲ್ಲ.

ವಾರ ಕಳೆಯುವುದರೊಳಗೆ ಪಟ್ಟಣದ ಬಾಗಿಲಿನ ಎರಡೂ ಬದಿಗೆ ಹುಲಿಗಳು ಸಾಲಾಗಿ ಕೂತವು. ಪ್ಲಾಸ್ಟರಿಗೆ ಚಿರೇಕಲ್ಲಿನ ಪುಡಿ ಬೆರೆಸಿ, ಎಣ್ಣೆ ಕುಡಿದ ಕಪ್ಪು ಬಣ್ಣ ಬಳಿದು, ಬುಡದಲ್ಲಿ ಹಾವಸೆಯನ್ನೂ ಅಂಟಿಸಿದ್ದ ರೂಪೇಶ. ಜಾನಕಿ ಹತ್ತಿರ ಹೋಗಿ ನೋಡಿ ಬೆಚ್ಚಿಬಿದ್ದಳು. ಒಂದೊಂದೂ ಅವನೇ. ಹೀಗಿರುವಾಗ ನಾಳೆ ಪಟ್ಟಣ ಬಿಚ್ಚಿಕೊಂಡು ಹೋಗುವ ದಿನ, ಮರದಡಿಯ ನಿಜವಾದವನನ್ನು ಲಾರಿಗೆ ಹಾಕಿ ಅಲ್ಲಿ ಇಂಥದೊಂದನ್ನು ಕೂರಿಸಿ ಹೋದರೆ ಯಾರಿಗೆ ಗೊತ್ತಾಗುತ್ತದೆ? ಮುಂಬಯಿಯಲ್ಲಿ ಹಳೇ ಕಲ್ಲುಗಳನ್ನು ಕೊಂಡು ಮನೆಯಲ್ಲಿಡುವ ದೊಡ್ಡ ಜನ ಇದ್ದಾರೆ ಎಂದು ಅವಳು ಕೇಳಿದ್ದಳು. ಅವಳಿಗೆ ಊಟ ಸೇರಲಿಲ್ಲ.

ಎರಡು ದಿನ ಯೋಚಿಸಿ ಅವಳು ಕಳ್ಳರಿಗಿಂತ ಮೊದಲು ತಾನೇ ಆ ಕೆಲಸ ಮಾಡಿದಳು. ಅಚ್ಚಿನಿಂದ ಬಿಡಿಸುವಾಗ ಕಿವಿ ಮುರಿದದ್ದಕ್ಕೆ ಬದಿಗೆಸೆದ ಹುಲಿಯೊಂದು ಶೆಡ್ಡಿನ ಹಿಂದೆ ಬಿದ್ದಿತ್ತು. ಎಲ್ಲರೂ ಊಟಕ್ಕೆ ಕೂತ ಹೊತ್ತು ನೋಡಿ ಅದನ್ನು ಕಸದ ಕೈಗಾಡಿಯಲ್ಲಿ ಮರದಡಿಗೆ ತಂದಳು. ನಿಜವಾದವನನ್ನು ಗೋಣಿಯ ಮೇಲೆ ಉರುಳಿಸಿ, ಗಾಡಿಗೆ ಹತ್ತಿಸಿ, ಮೇಲೆ ಕಸ ಮುಚ್ಚಿ ಪಟ್ಟಣದ ಬಾಗಿಲಿಗೆ ಒಯ್ದಳು. ಎಡಗಡೆಯ ಸಾಲಿನ ಕೊನೆಯ ಹುಲಿಯನ್ನು ಎತ್ತಿ ಕಸದ ಗುಂಡಿಗೆ ಹಾಕಿ, ಆ ಜಾಗದಲ್ಲಿ ಅವನನ್ನು ಕೂರಿಸಿದಳು. ಮುರಿದ ಕಿವಿಯವನು ಮರದಡಿಗೆ ಹೋದ. ಕಳ್ಳ ಬಂದರೆ ಮರದಡಿ ಹುಡುಕುತ್ತಾನೆಯೇ ಹೊರತು ನಕಲಿಗಳ ಸಾಲಿನಲ್ಲಿ ಅಲ್ಲ. ಪಟ್ಟಣ ಬಿಚ್ಚುವ ಹಿಂದಿನ ದಿನ ತಿರುಗಿ ಅದಲು ಬದಲು ಮಾಡಿದರಾಯಿತು. ಸೊಂಟ ಹಿಡಿದುಕೊಂಡಿತ್ತು, ಆದರೂ ಅವಳಿಗೆ ಅಷ್ಟು ಸುಖವಾದ ದಿನ ಎಷ್ಟೋ ವರ್ಷದಿಂದ ಬಂದಿರಲಿಲ್ಲ. ಯಾರಿಗೂ ಹೇಳಲಿಲ್ಲ. ಜಟ್ಟಿಗೆ ಹೇಳಿದರೆ ಕಂಪನಿಯ ಕಿವಿಗೆ ಬೀಳುತ್ತದೆ. ಬೊಮ್ಮುಗೆ ಹೇಳಿದರೆ, ಅಂಗಡಿ ಕಟ್ಟೆಯಲ್ಲಿ ಯಾವಾಗಲಾದರೂ ಬಾಯಿಬಿಟ್ಟಾನು. ಮಾತೇ ಆಡದ ಮನುಷ್ಯನ ಬಾಯಿಯ ಮೇಲೂ ಅವಳಿಗೆ ಅನುಮಾನ!

ಅಲ್ಲಿಂದ ಮುಂದೆ ಪ್ರತಿದಿನ ಬಾಗಿಲು ಗುಡಿಸುವಾಗ ಎಡಸಾಲಿನ ಕೊನೆಯವನ ಹಿಂದೆ ಒಂದು ಹೂವು ಬೀಳುತ್ತಿತ್ತು. ಬಣ್ಣದ ಉಡುಪಿನ ಸೈನಿಕರು, ಒಂಟೆ, ಕುದುರೆ, ಛತ್ರಿ ಹಿಡಿಸಿಕೊಂಡ ನಟಿ ಎಲ್ಲರೂ ಅವನ ಮುಂದೆಯೇ ಹಾದುಹೋದರು. ಮರದಡಿಯ ಮುರಿದ ಕಿವಿಗೆ ಕಾಲನಿಯವರು ಕೈ ಮುಗಿದು ಹೋಗುತ್ತಿದ್ದರು. ಜಾನಕಿ ಸೆರಗಿನಲ್ಲಿ ನಗುತ್ತಿದ್ದಳು.

ಒಂದು ಬೆಳಿಗ್ಗೆ ಕೆಲಸಕ್ಕೆ ಬಂದವರನ್ನು ಗುಡ್ಡದ ಬುಡದಲ್ಲೇ ತಡೆದರು. ಇವತ್ತು ಕಾವಲಿನವರು ಬಿಟ್ಟರೆ ಸ್ಥಳೀಯರಿಗೆ ರಜೆ, ನಾಳೆ ಬನ್ನಿ ಅಂದರು. ನಾಳೆ ಎಂಬ ಮಾತು ಕೇಳಿದ್ದೇ ಜಾನಕಿ ಅಲ್ಲೇ ನಿಂತುಬಿಟ್ಟಳು. ಪಟ್ಟಣ ಬಿಚ್ಚಲು ಇನ್ನೂ ಹದಿನೈದು ದಿನ ಇದೆ ಎಂದು ಪೂರ್ಣಿಮಾಳೇ ಹೇಳಿದ್ದಳು, ಹಾಗಾಗಿ ತಿರುಗಿ ಬಂದಳು. ಗಂಜಿಗೆ ನೀರಿಟ್ಟಿದ್ದಳಷ್ಟೇ, ಗುಡ್ಡದ ಮೇಲೆ ಡಬ್ ಎಂದು ಸದ್ದಾಯಿತು. ಹಂಚಿನ ಮೇಲಿದ್ದ ಕಾಗೆಗಳೆಲ್ಲ ಎದ್ದವು. ಅಂಗಳಕ್ಕೆ ಬಂದು ನೋಡಿದರೆ ಕೋಟೆಬೇಣದ ಮೇಲೆ ಧೂಳು. ಗೋಪುರಗಳು ಕಾಣುತ್ತಿರಲಿಲ್ಲ.

ಕತೆಯಲ್ಲಿ ಆ ಪಟ್ಟಣವೂ ಶಾಪದಿಂದ ಬೀಳುತ್ತದಂತೆ. ಮಳೆ ಬರುವ ಸೂಚನೆ ಕಂಡು ಬೀಳಿಸುವುದನ್ನು ಹೇಳಿದ ದಿನಕ್ಕಿಂತ ಮೊದಲೇ ಇಟ್ಟುಕೊಂಡಿದ್ದರು. ಜಾನಕಿ ಓಡಿದ ರೀತಿಗೆ ತಡೆಯುವವರೂ ದಾರಿ ಬಿಟ್ಟರು. ಮೇಲೆ ಹೋದರೆ ಮುಗಿಲು ಮುಟ್ಟುವ ಪಟ್ಟಣ ಚೆಕ್ಕೆ ಚೂರಾಗಿ ಮಲಗಿತ್ತು. ಅದರ ನಡುವೆ ಹಳೇ ಚಿರೇಕಲ್ಲಿನ ಗೋಡೆಗಳು ಏನೂ ಆಗದವರಂತೆ ನಿಂತಿದ್ದವು. ದೊಡ್ಡ ಬಾಗಿಲು ಇದ್ದಲ್ಲಿ ಬಿಳಿ ರಾಶಿ. ಜೆಸಿಬಿ ಅದನ್ನು ಬಾಚಿ ಬಾಚಿ ಟಿಪ್ಪರಿಗೆ ಹಾಕುತ್ತಿತ್ತು. ಎರಡು ಟಿಪ್ಪರು ಆಗಲೇ ಹೋಗಿದ್ದವು. ಜಾನಕಿ ಜೆಸಿಬಿಯ ಮುಂದೆಯೇ ಕೂತು ಎರಡೂ ಕೈಯಿಂದ ರಾಶಿ ಕೆದಕಿದಳು. ಹುಲಿಯ ಬಾಲ ಸಿಕ್ಕಿತು, ಕಾಲು ಸಿಕ್ಕಿತು, ಅರ್ಧ ಮುಖ ಸಿಕ್ಕಿತು. ಒತ್ತಿದರೆ ಎಲ್ಲ ಪುಡಿ. ಕಲ್ಲು ಸಿಗಲಿಲ್ಲ.

"ಎಂತ ಹುಡುಕ್ತಿ ಜಾನಕಿ? ಹುಲಿಯಪ್ಪಂಗೆ ಎಂತಾ ಆಗ್ಲಿಲ್ಲ. ಅಲ್ಲಿ ನೋಡು, ಮರದಡಿಗೆ ಆರಾಮ ಕೂತಿದ್ದ," ಎಂದ ಜಟ್ಟಿ ಗುನಗ.

ಅವಳು ಜಟ್ಟಿಯ ಮುಖ ನೋಡಿದಳು. ನಂಬಿ ತಂಗಿಯನ್ನು ಕಳೆದಳು, ನಂಬದೆ ಅಣ್ಣನನ್ನು ಕಳೆದಳು. ಆ ರಾಶಿಯ ಮುಂದೆಯೇ ಬಿಕ್ಕಿ ಬಿಕ್ಕಿ ಅತ್ತಳು. ಪಟ್ಟಣ ಬಿದ್ದದ್ದಕ್ಕೆ ಅಳುತ್ತಿದ್ದಾಳೆಂದು ಪೂರ್ಣಿಮಾ ಬಂದು ಬೆನ್ನು ಸವರಿದಳು, ಅವಳ ಕಣ್ಣಲ್ಲೂ ನೀರಿತ್ತು.

ಮರುದಿನ ಟಿಪ್ಪರುಗಳು ಸುರಿದ ತಗ್ಗು ಜಾಗವನ್ನೂ ಹುಡುಕಿ ಬಂದಳು. ಅಲ್ಲಿಯೂ ಬರೀ ಪ್ಲಾಸ್ಟರು. ಸೋತು ಮರದಡಿಗೆ ಬಂದು ಆ ನಕಲಿ ಹುಲಿಯನ್ನು ದ್ವೇಷದಿಂದ ನೋಡಿದಾಗ ಕಂಡಿತು, ಅದರ ಎರಡೂ ಕಿವಿ ನೆಟ್ಟಗಿದ್ದವು.

ಬೇರೆಯವರಾದರೆ ಕುಣಿದಾಡುತ್ತಿದ್ದರು. ಜಾನಕಿಗೆ ಹೊಳೆದದ್ದೇ ಬೇರೆ. ರೂಪೇಶ ಬಂದು ಕಿವಿ ರಿಪೇರಿ ಮಾಡಿದ್ದಾನೆ! ತಾನು ಬಚ್ಚಿಟ್ಟದ್ದು ಅವನಿಗೆ ತಿಳಿದಿದೆ, ನಿಜವಾದವನನ್ನು ಹಾರಿಸಿ ಗುಟ್ಟು ಹೊರಬೀಳದಂತೆ ಇದಕ್ಕೆ ಕಿವಿ ಅಂಟಿಸಿದ್ದಾನೆ. ನಿಜವಾದವನನ್ನೇ ತಿರುಗಿ ತಂದಿಡಲು ಯಾರಿಗೆ ಸಾಧ್ಯ? ತಾನು ಯಾರಿಗೂ ಹೇಳಿಯೇ ಇಲ್ಲವಲ್ಲ. ಬಾಗಿ ಎತ್ತಿ ನೋಡಿದಳು. ಭಾರವಿತ್ತು. ಆದರೆ ಆ ಪುಡಿ ಬೆರೆಸಿದ ಹುಲಿಗಳೂ ಭಾರವೇ ಇದ್ದವು. ಮೊದಲ ಸಲ ತಲೆಯ ಮೇಲೆ ಹೊತ್ತಾಗ ಅವಳ ಪ್ರಾಯವೇ ಬೇರೆ, ಈಗ ನೀರಿನ ಕೊಡವೂ ಕಲ್ಲಿನಷ್ಟೇ ಭಾರ. ಉಗುರಿನಿಂದ ಕೆರೆದು ನೋಡಲು ಕೈ ಎತ್ತಿದಳು. ಒಂದು ವೇಳೆ ಅವನೇ ಆಗಿದ್ದರೆ? ದೇವರ ಮುಖ ಕೆರೆಯುವ ಧೈರ್ಯ ಬರಲಿಲ್ಲ.

ಮಗಳನ್ನು ನೋಡುವ ನೆವದಲ್ಲಿ ಕಾರವಾರದ ಬಸ್ಸು ಹತ್ತಿ ಕೋಡಿಬಾಗಕ್ಕೆ ಹೋದಳು. ಈ ಸಲ ಕಂಡಕ್ಟರನನ್ನೂ ಕೇಳಲಿಲ್ಲ, ಅಷ್ಟು ಕಂಗಾಲಾಗಿದ್ದಳು. ರೂಪೇಶನ ಶೆಡ್ಡಿನ ಮೂಲೆಯಲ್ಲಿ ಏನೋ ಒದ್ದೆ ಬಟ್ಟೆ ಮುಚ್ಚಿಕೊಂಡು ಕೂತಿತ್ತು. ಸೀದಾ ಹೋಗಿ ಬಟ್ಟೆ ಎಳೆದಳು. ಸೊಂಡಿಲು ಇನ್ನೂ ಬಾರದ ಗಣಪತಿ.

"ಎಂತಾತು ಮಾವಶಿ?"

"ಮರದಡಿಯ ಹುಲಿಗೆ ಕಿವಿ ಕೂರ್ಸಿದ್ದು ನೀನೇ ಅಲ್ದಾ? ಸತ್ಯ ಹೇಳು."

"ಅದಕ್ಕೆ ಕಿವಿ ಎಂತಕ್ಕೆ ಕೂರ್ಸೂದು? ಇದ್ದೇ ಇತ್ತಲ್ಲ. ಕಿವಿ ಮುರ್ದ ಹುಲಿ ಬಾಗ್ಲಿನ ಸಾಲಲ್ಲಿತ್ತು, ಬಾಗ್ಲಿನ ಸಂಗಡ ಹೋತು. ನಾನೇ ಕಣ್ಣಾರೆ ನೋಡಿದ್ದೆ."

ಎಷ್ಟು ಚಂದ ಸುಳ್ಳು ಹೇಳುತ್ತಾನೆ ಎಂದುಕೊಂಡಳು ಜಾನಕಿ. ಅವನ ಕಣ್ಣು, ಕೈ, ಶೆಡ್ಡಿನ ಮಾಡು ಎಲ್ಲ ನೋಡಿದಳು. ಅವನು ಕೊಟ್ಟ ಚಹಾವನ್ನು ಮೂಸಿ ನೋಡಿ ಅರ್ಧ ಕುಡಿದು ಎದ್ದಳು.

ಮನೆಯಲ್ಲಿ ಇನ್ನೊಂದು ಕಿರಿಕಿರಿ. ಪಟ್ಟಣ ಬಿದ್ದ ದಿನದಿಂದ ಬೊಮ್ಮುವಿನ ಬಲಭುಜ ಊದಿಕೊಂಡು ನೀಲಿಗಟ್ಟಿತ್ತು. ಕೈ ಎತ್ತಲು ಆಗುತ್ತಿರಲಿಲ್ಲ. ಏನಾಯಿತೆಂದು ಕೇಳಿದರೆ "ತಾಗ್ತು" ಅನ್ನುತ್ತಾನೆ. ಎಲ್ಲಿ ತಾಗಿತು ಅಂದರೆ "ಗುಡ್ಡದ ಮೇಲೆ". ಕಂಪನಿಯವರು ಕಡೆಯ ದಿನ ಕಾವಲಿನವರಿಗೆಲ್ಲ ಕುಡಿಸಿದ್ದಾರೆ, ಕುಡಿದು ಬಿದ್ದಿದ್ದಾನೆ ಎಂದು ಜಾನಕಿ ಲೆಕ್ಕ ಹಾಕಿದಳು. ದಿನಾ ಸಂಜೆ ಎಣ್ಣೆ ಬಿಸಿ ಮಾಡಿ ಭುಜಕ್ಕೆ ತಿಕ್ಕುತ್ತಿದ್ದಳು, ತಿಕ್ಕುವಷ್ಟು ಹೊತ್ತೂ ಬೈಯುತ್ತಿದ್ದಳು. ಅವನು ಗೋಡೆ ನೋಡುತ್ತಾ ಕೂರುತ್ತಿದ್ದ. ಒಂದೆರಡು ಸಲ ತಿರುಗಿ ಅವಳ ಮುಖ ನೋಡಿ, "ನಿಂಗೆ ಎಂತಾರೂ ಹೇಳೂಕೆ ಇತ್ತಾ?" ಎಂದು ಕೇಳಿದ. "ನಂಗೆಂತ ಇರ್ತದೆ, ಹೇಳೂದೆಲ್ಲಾ ಹೇಳ್ತಾನೇ ಇದ್ದೆ ಅಲ್ದಾ," ಎಂದು ಅವಳು ಇನ್ನೂ ಜೋರಾಗಿ ತಿಕ್ಕಿದಳು.

ಹುಲಿದೇವರ ವರ್ಷದ ಪೂಜೆ ಹತ್ತಿರ ಬಂತು. ಕಾಲನಿಯವರೆಲ್ಲ ಕೂಡಿ ಎಣ್ಣೆ ಎರೆಯುತ್ತಾರೆ, ಕೋಳಿ ಕೊಯ್ಯುತ್ತಾರೆ, ಮದುವೆಯ, ರೋಗದ, ಮಕ್ಕಳ ಪ್ರಶ್ನೆ ಕೇಳುತ್ತಾರೆ. ಇಷ್ಟೆಲ್ಲವನ್ನೂ ಪ್ಲಾಸ್ಟರಿನ ಮುಂದೆ ಮಾಡಲು ಹೇಗೆ ಬಿಡುವುದು? ಹೇಳೋಣವೆಂದರೆ, ದೇವರನ್ನು ಕದ್ದವಳು ನೀನೇ ಎನ್ನುತ್ತಾರೆ. ಅದು ಸುಳ್ಳೂ ಅಲ್ಲ. ಪೂಜೆಯ ಹಿಂದಿನ ದಿನ ಮಧ್ಯಾಹ್ನ ಬೊಮ್ಮು ಮಲಗಿದ್ದನ್ನು ನೋಡಿಕೊಂಡು ಅವಳು ಕೇಪಳದ ಹೂವು, ಒಂದು ಚೊಂಬು ನೀರು ಹಿಡಿದು ಕೋಟೆಬೇಣ ಹತ್ತಿದಳು.

ಗುನಗನಲ್ಲದವರು ಪ್ರಸಾದ ಕೇಳಬಾರದು. ಅವಳಿಗೂ ಗೊತ್ತಿತ್ತು. ಕಲ್ಲನ್ನು ತೊಳೆದಳು. ಎರಡು ಎಸಳನ್ನು ಚೆನ್ನಾಗಿ ಅದ್ದಿ ಬಲಕ್ಕೊಂದು ಎಡಕ್ಕೊಂದು ಅಂಟಿಸಿದಳು, ಎರಡಕ್ಕೂ ಒಂದೇ ಸಮ ನೀರು. ತನ್ನ ಉಸಿರು ತಾಗದಿರಲೆಂದು ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು.

"ಒಡೆಯಾ, ನೀ ಅವನೇ ಹೌದಾದ್ರೆ ಬಲಕ್ಕೆ ಕೊಡು. ನಾ ಚೆಂಡಿಯಾದಿಂದ ಹೊತ್ತು ತಂದದ್ದು ನಿನ್ನನ್ನೇ ಹೌದಾದ್ರೆ ಬಲಕ್ಕೆ ಕೊಡು."

ಗಾಳಿಯಿರಲಿಲ್ಲ. ಬಹಳ ಹೊತ್ತು ಎರಡೂ ಎಸಳು ಅಲುಗಲಿಲ್ಲ. ಆಮೇಲೆ ಎಡಗಡೆಯದು ಮೆಲ್ಲಗೆ ಜಾರಿ ಮಣ್ಣಿಗೆ ಬಿತ್ತು.

ಜಾನಕಿ ಹಣೆಯನ್ನು ನೆಲಕ್ಕೆ ಹಚ್ಚಿ ಗಟ್ಟಿಯಾಗಿ ಅಳಲು ತೊಡಗಿದಳು. ಬಿದ್ದ ಪಟ್ಟಣದ ಮೊಳೆ, ಚೂರು ಅವಳ ಮೊಣಕಾಲಿಗೆ ಚುಚ್ಚುತ್ತಿದ್ದವು. ಹಿಂದಿನಿಂದ ಯಾರೋ ಕೆಮ್ಮಿದರು. ಬೊಮ್ಮು, ಹಳೇ ಗೋಡೆಯ ಮೇಲೆ ಕೂತಿದ್ದ.

"ಹಿಂದೇ ಬಂದ್ರಾ? ನನ್ನ ಮೇಲೆ ಅನುಮಾನನಾ ನಿಮ್ಗೆ?" ಎಂದಳು ಅಳುತ್ತಲೇ.

"ಅದು ಅವನೇ ಜಾನಕಿ."

"ನಿಮ್ಗೆಂತ ಗೊತ್ತು?"

"ನಾನೇ ತಂದಿಟ್ಟದ್ದು. ನೀ ಗಾಡಿಯಲ್ಲಿ ಒಯ್ದದ್ದೂ ನೋಡಿದ್ದೆ. ಕಾವಲಿನವ ಅಲ್ದಾ ನಾನು? ಅವತ್ತಿಂದ ಬಾಗ್ಲಿನ ಎಡಗಡೆಗೇ ಕುರ್ಚಿ ಹಾಕಿ ಕೂತಿದ್ದೆ. ಬೀಳ್ಸೂ ದಿನ ಎಲ್ಲಾ ಕಡೆ ಮದ್ದಿನ ವೈರು ಹಾಸಿದ್ರು, ಗಾಡಿ ಹೋಗೂಕೆ ದಾರಿ ಇಲ್ಲ. ಭುಜದ ಮೇಲೆ ಹೊತ್ತೆ. ಕಿವಿ ಇಲ್ಲದ್ದನ್ನು ಅಲ್ಲಿಗೆ ಇಟ್ಟೆ."

ಜಾನಕಿ ಅವನ ಭುಜ ನೋಡಿದಳು. ನೀಲಿ ಹಳದಿಗೆ ತಿರುಗಿತ್ತು, ಊತ ಇನ್ನೂ ಇತ್ತು. 

"ಇಷ್ಟು ದಿನ ಎಂತಕ್ಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀ ನಂಬ್ತಿದ್ಯಾ?" ಎಂದ ಬೊಮ್ಮು. ಆಮೇಲೆ ನೆಲ ನೋಡುತ್ತಾ, "ನೀನೇ ಹೇಳ್ತಿ ಹೇಳಿ ಕಾದೆ," ಎಂದ.

ಅವಳಿಗೆ ನಾಚಿಕೆಯಾಯಿತು. ಮೀನಿನ ಹೆಂಗಸರು, ಕಂಡಕ್ಟರು, ರೂಪೇಶ, ಯಾರ ಮುಂದೆಯೂ ಆಗದಿದ್ದ ನಾಚಿಕೆ. ಆದರೂ ಇಷ್ಟು ವರ್ಷ ಹುಟ್ಟುಗುಣದಂತೆ ಅಂಟಿಕೊಂಡದ್ದು ಅಷ್ಟು ಸುಲಭಕ್ಕೆ ಬಿಟ್ಟೀತೇ. ಕಣ್ಣೊರೆಸಿಕೊಂಡು, "ಮತ್ತೆ ಎಡಕ್ಕೆ ಕೊಟ್ನಲ್ಲ, ನಾ ಅಲ್ಲ ಹೇಳಿ?" ಎಂದಳು.

ಬೊಮ್ಮು ಎದ್ದು ಬಂದು ಬಿದ್ದಿದ್ದ ಎಸಳನ್ನು ಎತ್ತಿ ಕಲ್ಲಿನ ಮುಂದಿಟ್ಟ.

"ಅಲ್ಲ ಹೇಳೂಕಾದ್ರೂ ಅಂವ ಇಲ್ಲಿ ಇರ್ಬೇಕಲ್ಲ. ಸಿಟ್ಟು ಬಂದದೆ ಅವಂಗೆ. ಒಂಟೆ, ಕುದ್ರೆ ಕಾಲಡಿಗೆ ಅಷ್ಟು ದಿನ ಕೂರ್ಸಿದ್ರೆ ನಿಂಗೆ ಬರೂದಿಲ್ವಾ?"

ಜಾನಕಿ ಅಳುವಿನ ನಡುವೆಯೇ ನಕ್ಕಳು. ಬಲಗಡೆಯ ಎಸಳು ಇನ್ನೂ ಅಂಟಿಕೊಂಡೇ ಇತ್ತು. ಅದು ಬೀಳುವವರೆಗೆ ಕಾಯಬೇಕೆಂದು ಅವಳಿಗೆ ಅನ್ನಿಸಲಿಲ್ಲ.

ಅವತ್ತು ಸಂಜೆ ಅವಳು ಎಣ್ಣೆ ಬಿಸಿ ಮಾಡಿದಳು. ಬಾಗಿಲಲ್ಲಿ ನಿಂತ ಬೊಮ್ಮು ಅಭ್ಯಾಸದಂತೆ ಬಾಯಿ ತೆರೆದು ತೋರಿಸಿದ. "ಮುಚ್ಚಿ, ಇತ್ಲಾಗೆ ಕೂತ್ಕಳಿ," ಎಂದು ಅವನನ್ನು ಮಣೆಯ ಮೇಲೆ ಕೂರಿಸಿ, ಏನೂ ಬೈಯದೆ, ಭುಜಕ್ಕೆ ಎಣ್ಣೆ ತಿಕ್ಕತೊಡಗಿದಳು.